ಕಾಲೇಜಿನ ಪಾಠ, ಕೈಯಲ್ಲೊಂದು ಕಿರ್ದಿ

ವ್ಯಾಪಾರಸ್ಥರ ಮನೆಯ ಮಕ್ಕಳು ಪದವಿ ಕಾಲೇಜಿನ ಮೆಟ್ಟಿಲು ಹತ್ತಿದೊಡನೆ ಅನೇಕ ಕುಟುಂಬಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ಓದಿನ ಜೊತೆಗೇ ಸಣ್ಣದೊಂದು ವ್ಯವಹಾರ ನಡೆಸುವುದಾಗಿ ಮಗನೋ ಮಗಳೋ ಹೇಳಿದಾಗ ತಂದೆಗೆ ಒಂದೆಡೆ ಹೆಮ್ಮೆ, ಇನ್ನೊಂದೆಡೆ ಆತಂಕ. ದುಡ್ಡಿನ ರುಚಿ ಹತ್ತಿದರೆ ಪುಸ್ತಕ ಮೂಲೆ ಸೇರುತ್ತದೆ ಎಂಬುದು ಹಿರಿಯರ ವಾದ. ಅಂಗಡಿ ಕಲಿಸುವುದನ್ನು ಕಾಲೇಜು ಕಲಿಸದು ಎಂಬುದು ಕಿರಿಯರ ವಾದ. ಎರಡರಲ್ಲಿಯೂ ಸತ್ಯಾಂಶವಿದೆ. ಈ ವ್ಯಾಜ್ಯವನ್ನು ತೀರ್ಮಾನಿಸಬಲ್ಲ ಸಾಕ್ಷಿ ಒಂದೇ: ಪ್ರಾಮಾಣಿಕವಾಗಿ ಬರೆದ ಲೆಕ್ಕ.

ಇಬ್ಬರ ನಿದರ್ಶನ

ಯುವಕರು ಪದೇ ಪದೇ ಉದಾಹರಿಸುವ ಹೆಸರು ಮೈಕೆಲ್ ಡೆಲ್ ಅವರದು. ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಕಂಪ್ಯೂಟರ್ ವ್ಯಾಪಾರ ನಡೆಸುತ್ತಿದ್ದ ಅವರು 1984ರಲ್ಲಿ 1,000 ಡಾಲರ್ ಬಂಡವಾಳದೊಂದಿಗೆ ಕಂಪನಿ ಸ್ಥಾಪಿಸಿ ಓದನ್ನು ತೊರೆದರು. ಆದರೆ ಅವರು ಓದು ಬಿಟ್ಟು ಗಿರಾಕಿಗಳನ್ನು ಹುಡುಕಿದವರಲ್ಲ. ಗಿರಾಕಿಗಳು ದೊರೆತ ಮೇಲೆ ಓದು ಬಿಟ್ಟವರು ಎಂಬುದನ್ನು ಮರೆಯಬಾರದು.

ವಾರೆನ್ ಬಫೆಟ್ ಅವರ ನಿದರ್ಶನ ಇನ್ನೂ ಬೋಧಪ್ರದ. ಬಾಲಕನಾಗಿದ್ದಾಗ ಮನೆಮನೆಗೆ ಪತ್ರಿಕೆ ಹಂಚುತ್ತಿದ್ದ ಅವರು 1944ರ ಗಳಿಕೆಗೆ 7 ಡಾಲರ್ ಆದಾಯ ತೆರಿಗೆ ಸಲ್ಲಿಸಿದ್ದರು. ಮುಂದೆ ಶಾಲೆಯಲ್ಲಿ ಓದುತ್ತಲೇ ಸ್ನೇಹಿತನೊಡನೆ ಪಾಲುಗಾರಿಕೆಯಲ್ಲಿ ಕ್ಷೌರದಂಗಡಿಯೊಂದರಲ್ಲಿ ಆಟದ ಯಂತ್ರವನ್ನಿರಿಸಿ ಆದಾಯ ಗಳಿಸಿದರು. ಆದರೂ ಓದನ್ನು ಕೈಬಿಡಲಿಲ್ಲ. 1950ರಲ್ಲಿ ನೆಬ್ರಾಸ್ಕಾದಲ್ಲಿ ಪದವಿಯನ್ನೂ 1951ರಲ್ಲಿ ಕೊಲಂಬಿಯಾದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ಹತ್ತು ಸಾವಿರ ರೂಪಾಯಿ ಎಲ್ಲಿ ಹೋಯಿತು?

ವಿದ್ಯಾರ್ಥಿಗಳ ವ್ಯವಹಾರದಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ಕಾಲೇಜು ಉತ್ಸವಕ್ಕೆಂದು ಹೆಸರು, ಇಸವಿ ಮುದ್ರಿಸಿದ 100 ಟೀ ಶರ್ಟುಗಳನ್ನು ತಲಾ 180 ರೂಪಾಯಿಯಂತೆ ತರಿಸಿ, 280 ರೂಪಾಯಿಗೆ ಮಾರುತ್ತಾನೆ. ಅವನ ಮನಸ್ಸಿನಲ್ಲಿರುವ ಲಾಭ 10,000 ರೂಪಾಯಿ.

ಕಿರ್ದಿ ಬೇರೆಯದನ್ನೇ ಹೇಳುತ್ತದೆ. ನಗದಿಗೆ ಹೋದದ್ದು 82, ಸ್ನೇಹಿತರಿಗೆ ಉದ್ರಿ ಕೊಟ್ಟದ್ದು 10, ಉಳಿದದ್ದು 8. ಉತ್ಸವ ಮುಗಿದ ಮೇಲೆ ಆ ಎಂಟಕ್ಕೆ ಬೆಲೆಯಿಲ್ಲ. ಕೈಗೆ ಬಂದ ಹಣ 22,960 ರೂಪಾಯಿ. ಖರೀದಿಗೆ 18,000, ಪೆಟ್ರೋಲಿಗೆ 1,600, ಪ್ಯಾಕಿಂಗಿಗೆ 700, ನೆರವಾದ ಗೆಳೆಯನಿಗೆ 1,500 ಕಳೆದರೆ ಉಳಿಯುವುದು 1,160 ರೂಪಾಯಿ ಮಾತ್ರ. ಉದ್ರಿಯ 2,800 ಪೂರ್ತಿ ವಸೂಲಾದರೂ ಲಾಭ 3,960. ಇದಕ್ಕಾಗಿ ಆತ 40 ಗಂಟೆ ದುಡಿದಿದ್ದರೆ ಗಂಟೆಗೆ ದೊರೆತದ್ದು 99 ರೂಪಾಯಿ. ಉದ್ರಿ ಮುಳುಗಿದರೆ 29 ರೂಪಾಯಿ. ಆ ದಿನಗಳಲ್ಲಿ ತಪ್ಪಿಸಿಕೊಂಡ ಕಿರುಪರೀಕ್ಷೆಯ ಬೆಲೆ ಯಾವ ಖಾತೆಯಲ್ಲಿಯೂ ಕಾಣದು.

ಇದರಿಂದ ನಿರಾಶರಾಗಬೇಕಾಗಿಲ್ಲ. ಉದ್ರಿ, ಉಳಿಕೆ ದಾಸ್ತಾನು ಮತ್ತು ಸ್ವಂತ ಸಮಯ ಎಂಬ ಮೂರು ವೆಚ್ಚಗಳನ್ನು ಇಷ್ಟು ಅಗ್ಗವಾಗಿ ಕಲಿಸುವ ಶಾಲೆ ಮತ್ತೊಂದಿಲ್ಲ. ಮುಂಗಡ ಪಡೆದೇ ಮಾಲು ತರಿಸುವುದೆಂದು ಆತ ಮರುವರ್ಷ ನಿಶ್ಚಯಿಸಿದರೆ, ಕಲಿತದ್ದು ಸಾರ್ಥಕ.

ಕಾನೂನಿನ ದೃಷ್ಟಿಯಲ್ಲಿ

18 ವರ್ಷ ತುಂಬದವರಿಗೆ 1872ರ ಕರಾರು ಕಾಯಿದೆಯನ್ವಯ ಒಪ್ಪಂದ ಮಾಡಿಕೊಳ್ಳುವ ಅರ್ಹತೆಯಿಲ್ಲ. 1932ರ ಪಾಲುದಾರಿಕೆ ಕಾಯಿದೆಯನುಸಾರ, ಎಲ್ಲ ಪಾಲುದಾರರ ಒಪ್ಪಿಗೆಯಿದ್ದಲ್ಲಿ ಅವರನ್ನು ಲಾಭಕ್ಕೆ ಮಾತ್ರ ಸೇರಿಸಿಕೊಳ್ಳಬಹುದು. ಅವರ ಆದಾಯವು ತೆರಿಗೆಯ ಉದ್ದೇಶಕ್ಕೆ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಆದಾಯದೊಡನೆ ಸೇರುತ್ತದೆ. ಸ್ವಂತ ದೈಹಿಕ ಶ್ರಮ, ಕೌಶಲ ಅಥವಾ ಪ್ರತಿಭೆಯಿಂದ ಗಳಿಸಿದ್ದು ಇದಕ್ಕೆ ಅಪವಾದ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ, ಸೇವೆ ಒದಗಿಸುವವರಿಗೆ 20 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಆದರೆ ಹೊರರಾಜ್ಯಕ್ಕೆ ಸರಕು ಮಾರುವವರಿಗೆ, ಕೆಲವು ಕರಕುಶಲ ವಸ್ತುಗಳಂಥ ವಿನಾಯಿತಿಗಳನ್ನು ಬಿಟ್ಟರೆ, ಈ ಮಿತಿ ರಕ್ಷಣೆ ನೀಡದು. ಮೊಬೈಲಿನಲ್ಲಿ ಆರ್ಡರು ಪಡೆದು ಪುಣೆಗೋ ಹೈದರಾಬಾದಿಗೋ ಪಾರ್ಸೆಲ್ ಕಳುಹಿಸುವ ಯುವಕರು ಇದನ್ನು ಅವಶ್ಯವಾಗಿ ಗಮನಿಸಬೇಕು.

2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟೀಸುಗಳು ಬಂದದ್ದು ಓದುಗರಿಗೆ ನೆನಪಿದೆ. ವಿದ್ಯಾರ್ಥಿಯ ಒಂದೇ ಖಾತೆಗೆ ಮನೆಯಿಂದ ಬಂದ ಶುಲ್ಕ, ಗೆಳೆಯರು ಹಂಚಿಕೊಂಡ ಊಟದ ಹಣ ಮತ್ತು ವ್ಯಾಪಾರದ ಹಣ ಬೆರೆತಿದ್ದರೆ ಯಾವುದು ಯಾವುದೆಂದು ಮೂರು ವರ್ಷಗಳ ನಂತರ ವಿವರಿಸುವುದು ಕಷ್ಟ. ಆದುದರಿಂದ ಮೊದಲ ದಿನವೇ ವ್ಯವಹಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯುವುದು ಲೇಸು.

ತಂದೆಯ ಹಣ, ಮಗನ ಲೆಕ್ಕ

ಹಿರಿಯರು ಸಾಮಾನ್ಯವಾಗಿ ಎಸಗುವ ತಪ್ಪೆಂದರೆ ಗಲ್ಲಾಪೆಟ್ಟಿಗೆಯಿಂದ ಲೆಕ್ಕವಿಲ್ಲದೆ ಹಣ ತೆಗೆದುಕೊಡುವುದು. ನಷ್ಟವನ್ನು ತಂದೆ ತುಂಬಿಕೊಡುತ್ತಾ ಹೋದರೆ ಮಗನಿಗೆ ನಷ್ಟವೆಂಬುದರ ಅರಿವೇ ಆಗದು. ಕೊಡುವ ಹಣ ಸಾಲವೋ ಕೊಡುಗೆಯೋ ಎಂಬುದನ್ನು ಬರೆದಿಡಬೇಕು. ಬ್ಯಾಂಕಿನ ಮೂಲಕವೇ ಕೊಡಬೇಕು. 20,000 ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಗೋದಾಮಿನ ಜಾಗ, ಅಂಗಡಿಯ ವಾಹನ ಬಳಸಿದ್ದಕ್ಕೆ ಅಲ್ಪ ಬಾಡಿಗೆಯನ್ನಾದರೂ ಲೆಕ್ಕಕ್ಕೆ ಹಿಡಿದರೆ ಮಾತ್ರ ನಿಜವಾದ ಲಾಭ ಗೊತ್ತಾಗುತ್ತದೆ.

ಓದಿಗೆ ಮೊದಲ ಹಕ್ಕು

ವಿದ್ಯಾರ್ಥಿಯ ಸಮಯದ ಮೇಲೆ ಮೊದಲ ಹಕ್ಕು ಓದಿನದು. ವರ್ಷಾರಂಭದಲ್ಲಿಯೇ ಪರೀಕ್ಷೆಯ ದಿನಗಳನ್ನು ಗುರುತಿಸಿಕೊಂಡು, ಅದಕ್ಕೆ ಮುಂಚಿನ ಒಂದು ತಿಂಗಳು ಹೊಸ ಆರ್ಡರು ಒಪ್ಪಿಕೊಳ್ಳಬಾರದು. ದಿನವೂ ಬಾಗಿಲು ತೆರೆಯಬೇಕಾದ ಅಂಗಡಿಗಿಂತ ಹಬ್ಬ, ಉತ್ಸವ, ರಜಾದಿನಗಳಿಗೆ ಹೊಂದುವ ವ್ಯವಹಾರ ಅಥವಾ ಮನೆಪಾಠ, ವಿನ್ಯಾಸ, ಲೆಕ್ಕ ಬರೆಯುವಂಥ ಸೇವೆ ಮೇಲು. ಇವುಗಳಲ್ಲಿ ಉಳಿಕೆ ಮಾಲಿನ ಭಯವೂ ಕಡಿಮೆ. ಎಷ್ಟು ನಷ್ಟವಾದರೆ ನಿಲ್ಲಿಸಬೇಕು, ಹಾಜರಾತಿ ಎಷ್ಟಕ್ಕೆ ಇಳಿದರೆ ನಿಲ್ಲಿಸಬೇಕು ಎಂಬ ಎರಡು ಅಂಕಿಗಳನ್ನು ತಂದೆ ಮಕ್ಕಳು ಕುಳಿತು ಮೊದಲೇ ನಿಶ್ಚಯಿಸುವುದು ಉತ್ತಮ. ಆಗ ಮುಂದೆ ಮಾತಿಗೆ ಮಾತು ಬೆಳೆಯುವ ಪ್ರಸಂಗ ಬರುವುದಿಲ್ಲ.

ಪ್ರತಿ ಭಾನುವಾರ ಅರ್ಧ ಗಂಟೆ ಕಿರ್ದಿಯನ್ನು ಮುಂದಿಟ್ಟುಕೊಂಡು ಕೂರುವ ರೂಢಿಯಾದರೆ, ಪದವಿ ಮುಗಿಯುವ ವೇಳೆಗೆ ಆ ಯುವಕ ಅಥವಾ ಯುವತಿಯ ಕೈಯಲ್ಲಿ ಅಂಕಪಟ್ಟಿಯೊಂದಿಗೆ ಮೂರು ವರ್ಷಗಳ ಲೆಕ್ಕಪುಸ್ತಕವೂ ಇರುತ್ತದೆ. ತಂದೆಯ ಅಂಗಡಿಗೆ ಬಂದು ಕುಳಿತರೂ, ಸಾಲಕ್ಕಾಗಿ ಬ್ಯಾಂಕಿನ ಬಾಗಿಲಿಗೆ ಹೋದರೂ ಎರಡೂ ಕೆಲಸಕ್ಕೆ ಬರುತ್ತವೆ.