ತುಪ್ಪ, ಅಗ್ನಿ ಮತ್ತು ದುಡಿಮೆ

ಕೊಪ್ಪಳ ಸೀಮೆಯ ಊಟದಲ್ಲಿ ತುಪ್ಪದ ಸ್ಥಾನವನ್ನು ಅರಿಯಬಯಸುವವನು ಅಲ್ಲಿಯ ನೆಲ ಎರಡು ಬಗೆಯದೆಂಬುದನ್ನು ಮೊದಲು ನೆನೆಯತಕ್ಕುದು. ಮಳೆಯನ್ನೇ ನೆಚ್ಚಿದ ಯಲಬುರ್ಗಾ, ಕುಷ್ಟಗಿಗಳ ಎರೆ ಮತ್ತು ಮಸಾರಿ ಹೊಲಗಳು ಜೋಳ, ಸಜ್ಜೆ, ಹೆಸರು, ಕಡಲೆಗಳನ್ನು ಕೊಡುತ್ತಿರಲು, 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಬಯಲು ಭತ್ತದ ಕಣಜವಾಗಿದೆ. ಕೊಪ್ಪಳವು ಇವೆರಡರ ನಡುವೆ ನಿಂತು ರೊಟ್ಟಿಯನ್ನೂ ಅನ್ನವನ್ನೂ ಉಣ್ಣುತ್ತದೆ. ತುಪ್ಪ ಎರಡರ ಮೇಲೂ ಬೀಳುತ್ತದೆ. ಆದರೆ ಎರಡು ತಟ್ಟೆಗೂ ಅದು ಒಂದೇ ಅಳತೆಯಲ್ಲಿ ಬೀಳಬೇಕೆಂದು ಆಯುರ್ವೇದವು ಎಲ್ಲಿಯೂ ವಿಧಿಸಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯವು ನಿತ್ಯವೂ ಸೇವಿಸತಕ್ಕ ಆಹಾರಗಳನ್ನು ಎಣಿಸುವಾಗ ಅಕ್ಕಿ, ಹೆಸರು, ಸೈಂಧವಲವಣ, ನೆಲ್ಲಿ, ಜವೆ, ಹಾಲು, ಜೇನು ಮೊದಲಾದವುಗಳ ಸಾಲಿನಲ್ಲಿ ತುಪ್ಪವನ್ನೂ ಇರಿಸಿದೆ. ಇದನ್ನು ತುಪ್ಪದ ಅಭಿಮಾನಿಗಳೆಲ್ಲ ಬಲ್ಲರು. ಅದೇ ಅಧ್ಯಾಯವು ಮಿತಾಹಾರದ ವಿಧಿಯಿಂದಲೇ ಆರಂಭವಾಗುವುದನ್ನೂ, ಆ ಮಿತಿಯನ್ನು ಅವರವರ ಜಠರಾಗ್ನಿಯ ಬಲವೇ ನಿರ್ಣಯಿಸುವುದೆಂದು ಅಲ್ಲಿ ಹೇಳಿರುವುದನ್ನೂ ಅಷ್ಟೇ ಆಸ್ಥೆಯಿಂದ ನೆನೆಯುವವರು ವಿರಳ. ಹದಿಮೂರನೆಯ ಅಧ್ಯಾಯವು ತುಪ್ಪ, ಎಣ್ಣೆ, ವಸೆ, ಮಜ್ಜೆಗಳೆಂಬ ನಾಲ್ಕು ಸ್ನೇಹಗಳಲ್ಲಿ, ಎಂದರೆ ಜಿಡ್ಡುಗಳಲ್ಲಿ, ತುಪ್ಪವೇ ಶ್ರೇಷ್ಠವೆನ್ನುತ್ತದೆ. ಯಾವ ಮೂಲಿಕೆಯೊಡನೆ ಕಾಯಿಸಿದರೂ ಅದರ ಗುಣವನ್ನು ಹೀರಿಕೊಂಡೂ ತನ್ನ ಗುಣವನ್ನು ಬಿಡದಿರುವುದು ಅದಕ್ಕೆ ಕಾರಣ. ಬ್ರಾಹ್ಮೀಘೃತ, ತ್ರಿಫಲಾಘೃತಗಳ ತತ್ತ್ವ ಇದೇ. ನೀರಿನಲ್ಲಿ ಕರಗದ ಅನೇಕ ಸಸ್ಯಾಂಶಗಳು ಕೊಬ್ಬಿನಲ್ಲಿ ಕರಗುತ್ತವೆಂಬುದನ್ನು ಇಂದಿನ ರಸಾಯನಶಾಸ್ತ್ರವೂ ಒಪ್ಪುತ್ತದೆ. ಅಡುಗೆಯನ್ನೂ ವೈದ್ಯವನ್ನೂ ಬೇರ್ಪಡಿಸದ ಈ ದೃಷ್ಟಿ ಕನ್ನಡಕ್ಕೆ ಹೊಸತಲ್ಲ: ಇದೇ ಸೀಮೆಯ ಇಟಗಿಯಲ್ಲಿ ಚಾಲುಕ್ಯರ ಕಾಲದ ಮಹಾದೇವ ದೇವಾಲಯವು 1112ರಲ್ಲಿ ಏಳುವುದಕ್ಕೆ ಸುಮಾರು ಒಂದು ಶತಮಾನ ಮೊದಲೇ, ಅದೇ ಚಾಲುಕ್ಯರ ಆಳ್ವಿಕೆಯಲ್ಲಿ, ಚಾವುಂಡರಾಯನ ‘ಲೋಕೋಪಕಾರ’ವು ಕೃಷಿ, ಸೂಪಶಾಸ್ತ್ರ, ವೈದ್ಯಗಳನ್ನು ಒಂದೇ ಹೊತ್ತಗೆಯಲ್ಲಿ ಕಟ್ಟಿಕೊಟ್ಟಿತ್ತು.

ಹೆಪ್ಪು ಹಾಕಿದ ಮೊಸರನ್ನು ಕಡೆದು ತೆಗೆದ ಬೆಣ್ಣೆಯಲ್ಲಿ ಸುಮಾರು ಆರನೆಯ ಒಂದು ಪಾಲು ನೀರಿರುತ್ತದೆ, ಅದರೊಡನೆ ಕಿಂಚಿತ್ ಪ್ರೋಟೀನು ಮತ್ತು ಹಾಲಿನ ಸಕ್ಕರೆ. ಬೆಣ್ಣೆ ಕಾಸುವಾಗ ನೀರು ಆವಿಯಾಗಿ, ಉಳಿದೆರಡು ಒಂದರೊಡನೊಂದು ವರ್ತಿಸಿ ಕಂದಿ ತಳಕ್ಕಿಳಿಯುತ್ತವೆ. ಮನೆಯನ್ನೆಲ್ಲ ತುಂಬುವ ಆ ಪರಿಮಳದ ಬಹುಭಾಗ ಹುಟ್ಟುವುದು ಈ ಕಂದುವಿಕೆಯಿಂದಲೇ. ನೀರೂ ಪ್ರೋಟೀನೂ ಹೋದುದರಿಂದಲೇ ತುಪ್ಪ ಬೆಣ್ಣೆಗಿಂತ ಬಹುಕಾಲ ಕೆಡದೆ ಉಳಿಯುವುದು. ಇಳಿಸುವ ಮುನ್ನ ಗೃಹಿಣಿಯರು ಹಾಕುವ ವೀಳ್ಯದೆಲೆಯಲ್ಲಿ ಕೊಬ್ಬು ಕಮಟಾಗುವುದನ್ನು ತಡೆಯುವ ಫೀನಾಲ್ ಜಾತಿಯ ವಸ್ತುಗಳಿರುವುದು ತಿಳಿದಾಗ, ಆ ರೂಢಿಯ ಬಗೆಗೆ ನನಗೆ ಗೌರವ ಹೆಚ್ಚುತ್ತದೆ. ಆಕಳ ತುಪ್ಪ ಹಳದಿ, ಎಮ್ಮೆಯ ತುಪ್ಪ ಬಿಳುಪು. ಹಸಿರು ಮೇವಿನ ಕ್ಯಾರೊಟಿನನ್ನು ಎಮ್ಮೆಯು ಬಹುಪಾಲು ಬಣ್ಣವಿಲ್ಲದ ‘ಎ’ ಜೀವಸತ್ತ್ವವಾಗಿಯೇ ಮಾರ್ಪಡಿಸಿ ಹಾಲಿಗೆ ಬಿಡುವುದರಿಂದ ಈ ಭೇದ.

ಈಗ ರೊಟ್ಟಿಯ ತಟ್ಟೆಗೆ ಬರೋಣ. ಜೋಳದಲ್ಲಿ ಕೊಬ್ಬು ನೂರಕ್ಕೆ ಎರಡು ಪಾಲಿನಷ್ಟೇ. ಆಯುರ್ವೇದವು ರೂಕ್ಷವೆಂದು ಕರೆಯುವ ಇಂಥ ಧಾನ್ಯಕ್ಕೆ ಸ್ನಿಗ್ಧವಾದ ಒಂದು ಚಮಚ ತುಪ್ಪ ಸಮತೋಲವನ್ನು ತರುತ್ತದೆ. ಜೊತೆಗೆ ಮೆಂತೆ, ಹಕ್ಕರಕಿ, ಪುಂಡಿಪಲ್ಯಗಳಂಥ ಸೊಪ್ಪಿನಲ್ಲಿರುವ ಕ್ಯಾರೊಟಿನು ಕರುಳಿನಲ್ಲಿ ಹೀರಲ್ಪಡಲು ಒಂದಿಷ್ಟು ಕೊಬ್ಬು ಬೇಕೇ ಬೇಕು. ಬರೀ ರೊಟ್ಟಿಯೊಡನೆ ಉಂಡ ಸೊಪ್ಪು ತನ್ನ ಸತ್ತ್ವವನ್ನೆಲ್ಲ ಬಿಟ್ಟುಕೊಡದು. ಅಗಸಿ, ಗುರೆಳ್ಳು, ಶೇಂಗಾ ಹಿಂಡಿಗಳೂ ಅದೇ ತಟ್ಟೆಯಲ್ಲಿರುತ್ತವೆಂಬುದನ್ನು ತುಪ್ಪವೊಂದನ್ನೇ ಹೊಗಳುವವರು ಮರೆಯುತ್ತಾರೆ. ಅಗಸಿಯ ಒಮೆಗಾ-3ರಂಥ ಬಹು-ಅಸಂತೃಪ್ತ ಮೇದಾಮ್ಲಗಳು ತುಪ್ಪದಲ್ಲಿ ಅತ್ಯಲ್ಪ. ಅವುಗಳನ್ನು ಈ ಹಿಂಡಿಗಳೇ ಒದಗಿಸತಕ್ಕುದು. ಹೀಗೆ ಎಣ್ಣೆಕಾಳೂ ತುಪ್ಪವೂ ಕೂಡಿದ ಊಟವನ್ನುಂಡು ದಿನವಿಡೀ ಹರಗುವ, ಕಳೆ ತೆಗೆಯುವ ದೇಹಕ್ಕೆ ಆ ಶಕ್ತಿ ಸಂಜೆಯೊಳಗೆ ಕರಗಿಹೋಗುತ್ತಿತ್ತು.

ಕಾಲುವೆಯ ಕಡೆ ಸಂಗತಿ ಬೇರೆ. ಪಾಲಿಶ್ ಮಾಡಿದ ಅಕ್ಕಿ ಬೇಗನೆ ಜೀರ್ಣವಾಗಿ ರಕ್ತದಲ್ಲಿ ಸಕ್ಕರೆಯನ್ನು ಏರಿಸುತ್ತದೆ. ಉಳುವುದಕ್ಕೆ ಟ್ರ್ಯಾಕ್ಟರು, ಕೊಯ್ಯುವುದಕ್ಕೆ ಯಂತ್ರ ಬಂದ ಮೇಲೆ ದೇಹದ ಶ್ರಮ ಇಳಿದಿದೆ. ತುಪ್ಪವು ಅನ್ನವನ್ನು ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ಹೆಚ್ಚು ನಿಲ್ಲಿಸುವುದು ನಿಜವಾದರೂ, ಸಕ್ಕರೆಕಾಯಿಲೆಯವರು ಅದನ್ನೇ ನೆಪಮಾಡಿ ಸುರಿದುಕೊಳ್ಳುವುದು ಸರಿಯಲ್ಲ. ದೊಡ್ಡ ಚಮಚದ 15 ಗ್ರಾಂ ತುಪ್ಪದಲ್ಲಿ ಸುಮಾರು 135 ಕ್ಯಾಲೊರಿ, 9 ಗ್ರಾಂ ಸಂತೃಪ್ತ ಕೊಬ್ಬು. ದಿನದ ಶಕ್ತಿಯಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಪಾಲು ಸಂತೃಪ್ತ ಕೊಬ್ಬಿನಿಂದ ಬರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2000 ಕ್ಯಾಲೊರಿ ಉಣ್ಣುವವನಿಗೆ ಅದು ಸುಮಾರು 22 ಗ್ರಾಂ. ಹಾಲು, ಮೊಸರು, ಕರಿದ ತಿಂಡಿಗಳೂ ಇದರಲ್ಲೇ ಅಡಗಬೇಕಷ್ಟೆ. ಮಿತಿ ಮೀರಿದರೆ ರಕ್ತನಾಳಗಳಿಗೆ ಕೇಡಾದ ಎಲ್‌ಡಿಎಲ್ ಕೊಲೆಸ್ಟೆರಾಲ್ ಏರುತ್ತದೆ. ತುಪ್ಪವು ಕಫವನ್ನೂ ಮೇದಸ್ಸನ್ನೂ ಹೆಚ್ಚಿಸುತ್ತದೆಂದು ಚರಕನೇ ಹೇಳಿರುವನು. ಸದಾ ಮಂದಾಗ್ನಿಯುಳ್ಳವರು ಸ್ನೇಹಪಾನಕ್ಕೆ ಅರ್ಹರಲ್ಲವೆಂದೂ ಎಚ್ಚರಿಸಿರುವನು. ನನ್ನ ಮಟ್ಟಿಗೆ, ಕುಳಿತು ಕೆಲಸ ಮಾಡುವ ಗಂಗಾವತಿಯ ಗೃಹಸ್ಥನಿಗೆ ಇಡೀ ದಿನಕ್ಕೆ ಒಂದೆರಡು ಚಿಕ್ಕ ಚಮಚ ಸಾಕು. ಹೃದ್ರೋಗವಿದ್ದವರು ವೈದ್ಯರನ್ನು ಕೇಳಿಯೇ ಬಡಿಸಿಕೊಳ್ಳಲಿ.

ಬಾಣಂತಿಯ ವಿಷಯ ಪ್ರತ್ಯೇಕ. ಕುಷ್ಟಗಿಯ ನೆರೆಯ ಅಮೀನಗಡದ ಕರದಂಟಿನಂತೆಯೇ ತುಪ್ಪದಲ್ಲಿ ಅಂಟು ಹುರಿದು, ಉತ್ತತ್ತಿ, ಕೊಬ್ಬರಿ, ಬೆಲ್ಲ ಬೆರೆಸಿ ಕಟ್ಟುವ ಅಂಟಿನ ಉಂಡೆ ಈ ಸೀಮೆಯ ತವರುಮನೆಗಳ ಪ್ರೀತಿಯ ಉಪಚಾರ. ಹೆತ್ತವಳಿಗೆ ಸ್ನೇಹವನ್ನು ಹಿಪ್ಪಲಿ, ಶುಂಠಿ ಮೊದಲಾದ ದೀಪನದ್ರವ್ಯಗಳ ಪುಡಿಯೊಡನೆ, ಅವಳು ತಾಳಿಕೊಳ್ಳುವಷ್ಟೇ ಕೊಟ್ಟು, ಅದು ಜೀರ್ಣವಾದ ಮೇಲೆ ಗಂಜಿಯನ್ನು ಕೊಡಬೇಕೆಂದು ಚರಕಸಂಹಿತೆಯ ಶಾರೀರಸ್ಥಾನ ವಿಧಿಸುತ್ತದೆ. ಹಾಲೂಡಿಸುವ ತಾಯಿಗೆ ಹೆಚ್ಚಿನ ಶಕ್ತಿ ಬೇಕಾದುದು ದಿಟ; ಹಾಗೆಂದು ಬೆಳಿಗ್ಗೆ ತಿಂದ ಉಂಡೆ ಅರಗುವ ಮುನ್ನವೇ ಇನ್ನೊಂದನ್ನು ಒತ್ತಾಯಿಸದೆ, ಅವಳಿಗೆ ಹಸಿವೆ ಮರಳಿತೇ ಎಂದು ವಿಚಾರಿಸಿಕೊಂಡು ಮುಂದಿನದನ್ನು ಕೈಗಿಡುವುದೇ ಶಾಸ್ತ್ರಸಮ್ಮತವಾದ ಕ್ರಮ.