ಗಾಡಿ ಯಾಕ ಕಾಯ್ತದ?



ನಮ್ಮ ಮಹಾಗಾಂವದಲ್ಲಿ ಈಗ ಬಹಳ ಮನೆಗಳ ಮುಂದೆ ಒಂದು ಗಾಡಿ ನಿಂತಿರುತ್ತದೆ. ಮಗ ಅದರ ಮೇಲೆ ಕಲಬುರಗಿಗೆ ಹೋಗುತ್ತಾನೆ. ಗಂಡ ಹೊಲಕ್ಕೆ ಹೋಗುತ್ತಾನೆ. ನಾವು ಹಿಂದೆ ಕೂತು ದವಾಖಾನೆಗೆ, ಸಂತೆಗೆ, ತವರಿಗೆ ಹೋಗುತ್ತೇವೆ. ಗಾಡಿಯ ಕಂತು ಕಟ್ಟಲು ನಮ್ಮ ದುಡಿಮೆಯ ದುಡ್ಡೂ ಸೇರಿರುತ್ತದೆ. ಆದರೆ ಗಾಡಿಯ ಮಾತು ಬಂದಾಗ ಏನಂತಾರೆ? "ನಿಮಗೇನ್ ತಿಳೀತದ, ಸುಮ್ ಕೂಡ್ರಿ" ಅಂತಾರೆ.

ಇದು ಸರಿಯೇ? ದಿನಾ ಒಲೆಯ ಉರಿ ನೋಡುವವರು ನಾವು. ಗಾಡಿಯ ಇಂಜಿನ್ ಒಳಗೆ ಇರುವುದೂ ಉರಿಯೇ. ತಿಳಿಯಬೇಕೆಂದರೆ ನಮಗೂ ತಿಳಿಯುತ್ತದೆ.

ಒಬ್ಬ ತಾಯಿಯ ಮಾತು

ನಮ್ಮ ಕಲಿಕೆಯ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಮಗ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಗಾಡಿ ಮೇಲೆ ಕಲಬುರಗಿಗೆ ಒಯ್ದು ಮಾರುತ್ತಾನೆ. ಒಂದು ಸಂಜೆ ಅವರು ಮುಖ ಸಣ್ಣದು ಮಾಡಿಕೊಂಡು ಬಂದರು.

"ಅಕ್ಕೋರೆ, ಸಂಘದಾಗ ಹತ್ತು ಸಾವಿರ ಸಾಲ ಎತ್ತಬೇಕಂತ ಮಾಡೀನಿ" ಅಂದರು.

"ಯಾಕ್ರಿ?" ಎಂದು ಕೇಳಿದೆವು.

"ಮಗನ ಗಾಡಿ ಭಾಳ ಕಾಯ್ಲತ್ತಾದ. ಏರು ಬಂದ್ರ ಎಳೆಯಂಗಿಲ್ಲ. ಅಂಗಡ್ಯಾಗ ಕೇಳಿದ್ರ, ಒಂದು ಡಬ್ಬಿ ಹಾಕಬೇಕು, ಪೆಟ್ರೋಲ್ ಹೆಚ್ಚಿಗಿ ಬಿಡ್ತದ, ಗಾಡಿ ತಂಪಾಗ್ತದ ಅಂದಾರಂತ. ಒಂಬತ್ತು ಸಾವಿರ ರೂಪಾಯಿ."

"ಡಬ್ಬಿ ಏನು ಮಾಡ್ತದ ಅಂತ ನಿಮಗ ಗೊತ್ತೇನ್ರಿ?"

"ನನಗ್ಯಾಂಗ ಗೊತ್ತಾಗಬೇಕ್ರಿ? ಅವನಿಗೂ ಗೊತ್ತಿಲ್ಲ" ಎಂದರು.

ಗೊತ್ತಿಲ್ಲದ ವಸ್ತುವಿಗೆ ಸಾಲ! ಅಂದು ನಾವು ಪಾಠ ಬದಲಿಸಿದೆವು. ಗಾಡಿಯನ್ನೇ ಪಾಠ ಮಾಡಿಕೊಂಡೆವು.

ಇಂಜಿನ್ ಒಳಗಿನ ಒಲೆ

ಒಲೆ ಉರಿಯಲು ಏನು ಬೇಕು? ಕಟ್ಟಿಗೆ ಬೇಕು, ಗಾಳಿಯೂ ಬೇಕು. ಗಾಳಿ ಸಾಲದಿದ್ದರೆ ಹೊಗೆ ಏಳುತ್ತದೆ. ಆಗ ನಾವು ಊದುಗೊಳವೆ ಹಿಡಿಯುತ್ತೇವೆ.

ಇಂಜಿನ್ ಒಳಗೂ ಹಾಗೆಯೇ. ಪೆಟ್ರೋಲ್ ಅಲ್ಲಿ ಕಟ್ಟಿಗೆ ಇದ್ದಂತೆ. ಗಾಳಿ ಏರ್ ಫಿಲ್ಟರ್ ಮೂಲಕ ಒಳಗೆ ಬರುತ್ತದೆ. ಪ್ಲಗ್ ಕಿಡಿ ಕೊಡುತ್ತದೆ. ಪೆಟ್ರೋಲ್ ಭಗ್ ಎಂದು ಉರಿಯುತ್ತದೆ. ಆ ಉರಿಯ ಒತ್ತಡಕ್ಕೆ ಪಿಸ್ಟನ್ ಕೆಳಗೆ ಹೋಗುತ್ತದೆ. ಅದರಿಂದ ಚಕ್ರ ತಿರುಗುತ್ತದೆ. ಹೊಗೆ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ.

ರೊಟ್ಟಿ ಹಿಟ್ಟಿಗೆ ನೀರಿನ ಅಳತೆ ಇದ್ದಂತೆ ಇಲ್ಲಿಯೂ ಒಂದು ಅಳತೆ ಇದೆ. ಗಾಳಿಗೂ ತೂಕ ಇದೆ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು.

ಪೆಟ್ರೋಲ್ ಈ ಅಳತೆಗಿಂತ ಕಡಿಮೆಯಾದರೆ ಉರಿ ನಿಧಾನವಾಗುತ್ತದೆ. ನಿಧಾನದ ಉರಿ ಇಂಜಿನ್ ಗೋಡೆಯನ್ನು ಹೆಚ್ಚು ಹೊತ್ತು ಕಾಯಿಸುತ್ತದೆ. ಗಾಡಿ ಎಳೆಯುವುದಿಲ್ಲ. ಹುಡುಗ ಇನ್ನೂ ಜೋರಾಗಿ ರೇಸ್ ಕೊಡುತ್ತಾನೆ. ಅದು ಇನ್ನೂ ಕಾಯುತ್ತದೆ.

ಪೆಟ್ರೋಲ್ ಸ್ವಲ್ಪ ಹೆಚ್ಚಾದರೆ ಉರಿ ತುಸು ತಂಪಾಗುತ್ತದೆ. ಇದು ಹೇಗೆ? ಮಣ್ಣಿನ ಗಡಿಗೆಯ ನೀರು ಬೇಸಿಗೆಯಲ್ಲಿ ತಣ್ಣಗಿರುತ್ತದೆ. ಗಡಿಗೆಯ ಹೊರಗೆ ಜಿನುಗಿದ ನೀರು ಆರುವಾಗ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಪೆಟ್ರೋಲ್ ಹನಿಯೂ ಆವಿಯಾಗುವಾಗ ಬಿಸಿಯನ್ನು ಎಳೆದುಕೊಳ್ಳುತ್ತದೆ. ಡಬ್ಬಿ ಮಾರುವವರು ಹೇಳುವುದರಲ್ಲಿ ಇಷ್ಟು ಮಾತು ನಿಜ.

ಆದರೆ ಪೆಟ್ರೋಲ್ ತೀರಾ ಹೆಚ್ಚಾದರೆ? ಕಪ್ಪು ಹೊಗೆ ಬರುತ್ತದೆ. ಪ್ಲಗ್ ಮಸಿ ಹಿಡಿಯುತ್ತದೆ. ಉರಿಯದ ಪೆಟ್ರೋಲ್ ಇಂಜಿನ್ ಆಯಿಲ್‌ಗೆ ಇಳಿದು ಆಯಿಲ್ ನೀರಾಗುತ್ತದೆ. ಮೈಲೇಜ್ ಬೀಳುತ್ತದೆ. ದುಡ್ಡು ಹೊಗೆಯಾಗಿ ಹೋಗುತ್ತದೆ.

ಅಳತೆ ಮಾಡುವವರು ಯಾರು?

ಹಿಂದೆ ಗಾಡಿಗಳಲ್ಲಿ ಕಾರ್ಬುರೇಟರ್ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹೆಸರು ಹಿರಿಯರಿಗೆ ನೆನಪಿರಬಹುದು. ಅಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಗಾಡಿಗಳು ತಯಾರಾದವು. ಅವುಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಮಿಸ್ತ್ರಿ ಕಿವಿ ಕೊಟ್ಟು ಸಪ್ಪಳ ಕೇಳುತ್ತಿದ್ದ. ಪ್ಲಗ್ಗಿನ ಬಣ್ಣ ನೋಡುತ್ತಿದ್ದ. ಸ್ಕ್ರೂ ತಿರುವಿ ಅಳತೆ ಸರಿ ಮಾಡುತ್ತಿದ್ದ.

ಆಮೇಲೆ ಇಂಜೆಕ್ಷನ್ ಬಂತು. 2006ರಲ್ಲಿ ಹೀರೊ ಹೊಂಡಾ ಕಂಪನಿಯ ಗ್ಲಾಮರ್ ಗಾಡಿಯ ಒಂದು ಮಾದರಿಯಲ್ಲಿ ಇದನ್ನು ಹಾಕಿದರು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಹೊಗೆಯ ಬಗ್ಗೆ ಬಿಗಿ ನಿಯಮ ಬಂತು. ಅದಕ್ಕೆ ಬಿಎಸ್ 6 ಎಂದು ಹೆಸರು. ಅಂದಿನಿಂದ ಬರುವ ಹೊಸ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚಿನವು ಇಂಜೆಕ್ಷನ್ ಗಾಡಿಗಳೇ.

ಇಂಜೆಕ್ಷನ್ ಗಾಡಿಯಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಇರುತ್ತದೆ. ಎಷ್ಟು ಪೆಟ್ರೋಲ್ ಬಿಡಬೇಕು ಎಂದು ಅದೇ ಲೆಕ್ಕ ಹಾಕುತ್ತದೆ. ಸೈಲೆನ್ಸರ್ ಕೊಳವೆಯಲ್ಲಿ ಅದಕ್ಕೊಂದು ಮೂಗು ಇದೆ. ಅದರ ಹೆಸರು ಆಕ್ಸಿಜನ್ ಸೆನ್ಸರ್. ಹೊಗೆಯಲ್ಲಿ ಉರಿಯದೆ ಉಳಿದ ಆಮ್ಲಜನಕ ಎಷ್ಟು ಎಂದು ಅದು ಮೂಸಿ ನೋಡುತ್ತದೆ. ಆಮ್ಲಜನಕ ಹೆಚ್ಚು ಉಳಿದಿದ್ದರೆ ಪೆಟ್ರೋಲ್ ಸಾಲಲಿಲ್ಲ ಎಂದು ಅರ್ಥ. ಆಗ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ.

ಈಗ ಪೆಟ್ರೋಲ್ ಸಹ ಮೊದಲಿನಂತೆ ಇಲ್ಲ. 2025ರ ಹೊತ್ತಿಗೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್ ದೇಶದ ಬಂಕುಗಳಲ್ಲಿ ಸಾಮಾನ್ಯವಾಯಿತು. ಎಥನಾಲ್ ಅನ್ನು ಕಬ್ಬು, ಅಕ್ಕಿ, ಗೋವಿನಜೋಳದಿಂದ ಮಾಡುತ್ತಾರೆ. ಅದರ ಒಳಗೇ ಸ್ವಲ್ಪ ಆಮ್ಲಜನಕ ಇದೆ. ಹಾಗಾಗಿ ಅಷ್ಟೇ ಗಾಳಿಗೆ ಇಂಧನ ಸ್ವಲ್ಪ ಹೆಚ್ಚು ಬೇಕು. ಮೂಗು ಇರುವ ಹೊಸ ಗಾಡಿ ಇದನ್ನು ಒಂದು ಮಿತಿಯವರೆಗೆ ತಾನೇ ಸರಿ ಮಾಡಿಕೊಳ್ಳುತ್ತದೆ. ಹಳೆಯ ಕಾರ್ಬುರೇಟರ್ ಗಾಡಿಗೆ ಅದು ಆಗುವುದಿಲ್ಲ.

ಡಬ್ಬಿ ಏನು ಮಾಡುತ್ತದೆ?

ಅಂಗಡಿಯವರು ಹಾಕುವ ಡಬ್ಬಿ ಬಹಳ ಸಲ ಮೂಗಿಗೂ ಕಂಪ್ಯೂಟರಿಗೂ ನಡುವೆ ಕೂರುತ್ತದೆ. ಮೂಗು ಒಂದು ಹೇಳಿದರೆ ಡಬ್ಬಿ ಇನ್ನೊಂದು ಮುಟ್ಟಿಸುತ್ತದೆ. "ಪೆಟ್ರೋಲ್ ಸಾಲ್ತಿಲ್ಲ" ಎಂದು ಚಾಡಿ ಹೇಳುತ್ತದೆ. ಕಂಪ್ಯೂಟರ್ ನಂಬಿ ಹೆಚ್ಚು ಪೆಟ್ರೋಲ್ ಬಿಡುತ್ತದೆ.

ರೇಸಿನ ಮೈದಾನದಲ್ಲಿ ಗಾಡಿ ಓಡಿಸುವವರು ಇಂಥ ಕೆಲಸ ಮಾಡಿಸುತ್ತಾರೆ. ಅವರು ಯಂತ್ರದ ಮೇಲೆ ಗಾಡಿ ನಿಲ್ಲಿಸಿ, ಹೊಗೆ ಅಳೆದು, ಹಂತ ಹಂತವಾಗಿ ಸರಿ ಮಾಡಿಸುತ್ತಾರೆ. ಅಳೆಯದೆ ಡಬ್ಬಿ ಹಾಕುವುದು ಬೇರೆ. ಅದು ನಾಡಿ ನೋಡದೆ ಗುಳಿಗೆ ಕೊಟ್ಟಂತೆ.

ಇನ್ನೊಂದು ಮಾತು. ಗಾಡಿ ಕಾಯಲು ಬೇರೆ ಕಾರಣ ಇದ್ದರೆ ಡಬ್ಬಿ ಅದನ್ನು ತೆಗೆಯುವುದಿಲ್ಲ. ಸ್ವಲ್ಪ ದಿನ ಮುಚ್ಚಿಡುತ್ತದೆ, ಅಷ್ಟೇ. ಒಳಗಿನ ರೋಗ ಬೆಳೆಯುತ್ತಲೇ ಇರುತ್ತದೆ.

ಹಾಗಾದರೆ ಗಾಡಿ ಯಾಕೆ ಕಾಯುತ್ತದೆ?

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಇಂಜಿನ್ ಸ್ವಲ್ಪ ಹೆಚ್ಚು ಬಿಸಿಯಾಗುವುದು ಸಹಜ. ಮಿತಿ ಮೀರಿ ಕಾದರೆ ಇವನ್ನು ನೋಡಬೇಕು:

1. ಇಂಜಿನ್ ಆಯಿಲ್ ಕಡಿಮೆ ಆಗಿದೆಯೇ? ಹಳೆಯದಾಗಿದೆಯೇ? ಆಯಿಲ್ ಉಜ್ಜಾಟ ತಡೆಯುತ್ತದೆ. ಬಿಸಿಯನ್ನೂ ಹೊತ್ತೊಯ್ಯುತ್ತದೆ.

2. ಇಂಜಿನ್ ಸುತ್ತ ತೆಳು ಪಟ್ಟಿಗಳಿವೆ. ಗಾಳಿ ಅವುಗಳ ನಡುವೆ ಹಾಯ್ದು ಬಿಸಿ ತೆಗೆಯುತ್ತದೆ. ಅಲ್ಲಿ ಎರೆಮಣ್ಣು ಮೆತ್ತಿಕೊಂಡಿದೆಯೇ?

3. ಕೆಲವು ಗಾಡಿಗಳಲ್ಲಿ ರೇಡಿಯೇಟರ್ ಇರುತ್ತದೆ. ಅದರ ಕೂಲೆಂಟ್ ಕಡಿಮೆ ಆಗಿದೆಯೇ? ಫ್ಯಾನ್ ತಿರುಗುತ್ತಿದೆಯೇ?

4. ಬ್ರೇಕ್ ಬಿಗಿ ಹಿಡಿದಿದೆಯೇ? ಕ್ಲಚ್ ಜಾರುತ್ತಿದೆಯೇ? ಹೊರೆ ಹೆಚ್ಚಾಗಿದೆಯೇ?

5. ಕಂಪನಿಯ ಸೈಲೆನ್ಸರ್ ಬಿಚ್ಚಿ ಬೇರೆ ಹಾಕಿದ್ದಾರೆಯೇ? ಏರ್ ಫಿಲ್ಟರ್ ತೆಗೆದಿದ್ದಾರೆಯೇ?

ಐದನೆಯದು ಮುಖ್ಯ. ಸಪ್ಪಳ ಜೋರಾಗಿ ಬರಲಿ ಎಂದು ಹುಡುಗರು ಸೈಲೆನ್ಸರ್ ಬದಲಿಸುತ್ತಾರೆ. ಗಾಳಿ ಹೆಚ್ಚು ಬರಲಿ ಎಂದು ಫಿಲ್ಟರ್ ಕಿತ್ತು ಹಾಕುತ್ತಾರೆ. ಆಗ ಒಳಗೆ ಗಾಳಿ ಹೆಚ್ಚಾಗುತ್ತದೆ. ಕಂಪ್ಯೂಟರಿನ ಅಳತೆ ಮಾತ್ರ ಹಳೆಯದೇ. ಸ್ವಲ್ಪ ವ್ಯತ್ಯಾಸವಾದರೆ ಅದು ಸರಿ ಮಾಡಿಕೊಳ್ಳುತ್ತದೆ. ಪೂರ್ತಿ ರೇಸ್ ಕೊಟ್ಟಾಗ ಅದಕ್ಕೆ ಆಗುವುದಿಲ್ಲ. ಗಾಡಿ ಕಾಯುತ್ತದೆ. ಫಿಲ್ಟರ್ ಇಲ್ಲದಿದ್ದರೆ ದೂಳೂ ಒಳಗೆ ಹೋಗಿ ಪಿಸ್ಟನ್ ತಿನ್ನುತ್ತದೆ.

ತಾಯಿ ಲೆಕ್ಕ ಮಾಡಿದರು

ಮರುದಿನ ಆ ಅಕ್ಕ ಗಾಡಿಯ ಪುಸ್ತಕ ತಂದರು. ಕೊನೆಯ ಸರ್ವಿಸಿನ ಚೀಟಿಯನ್ನೂ ತಂದರು. ಪುಸ್ತಕ ಇಂಗ್ಲಿಷ್‌ನಲ್ಲಿತ್ತು. ಆದರೆ ಚಿತ್ರಗಳಿದ್ದವು, ಅಂಕಿಗಳಿದ್ದವು. ಅಕ್ಷರ ನಾವು ಓದಿದೆವು. ಅಂಕಿ ಅವರು ಓದಿದರು.

ಆ ಗಾಡಿಗೆ ಪ್ರತಿ 5,000 ಕಿಲೋಮೀಟರಿಗೆ ಆಯಿಲ್ ಬದಲಿಸಬೇಕು ಎಂದು ಪುಸ್ತಕದಲ್ಲಿತ್ತು. ಚೀಟಿಯಲ್ಲಿ 21,400 ಎಂದು ಬರೆದಿತ್ತು. ಮೀಟರಿನಲ್ಲಿ 30,150 ಇತ್ತು. ಅಕ್ಕ ಪಾಟಿ ಮೇಲೆ ಕಳೆದು ನೋಡಿದರು.

30,150 ರಲ್ಲಿ 21,400 ಕಳೆದರೆ 8,750.

"ಅಯ್ಯ, ಆಯಿಲ್ ಹಾಕಿ ಎಂಟು ಸಾವಿರ ಏಳುನೂರಾ ಐವತ್ತು ಕಿಲೋಮೀಟರ್ ಆಗ್ಯಾದ!" ಎಂದರು.

ಮನೆಗೆ ಹೋಗಿ ಮಗನನ್ನು ಕೇಳಿದರು. ಅವನು ಮೊದಲು ನಕ್ಕ. ಲೆಕ್ಕ ತೋರಿಸಿದಾಗ ಸುಮ್ಮನಾದ. ಆಮೇಲೆ ಒಂದೊಂದೇ ಹೊರಗೆ ಬಂತು. ಸೈಲೆನ್ಸರ್ ಬದಲಿಸಿದ್ದ. ಫಿಲ್ಟರ್ ತೆಗೆದಿದ್ದ. ಇಂಜಿನ್ ಪಟ್ಟಿಗಳ ನಡುವೆ ಮಳೆಗಾಲದ ಮಣ್ಣು ಒಣಗಿ ಕೂತಿತ್ತು.

ಕಂಪನಿಯ ಹಳೆಯ ಸೈಲೆನ್ಸರ್ ಅಟ್ಟದ ಮೇಲೆ ಇತ್ತು. ಅದನ್ನೇ ಹಾಕಿಸಿದರು. ಹೊಸ ಫಿಲ್ಟರ್, ಹೊಸ ಆಯಿಲ್ ಹಾಕಿಸಿದರು. ಮಣ್ಣು ತೊಳೆದರು. ಕೂಲಿ ಸೇರಿ 1,200 ರೂಪಾಯಿ ಆಯಿತು. ಗಾಡಿ ಕಾಯುವುದು ಕಡಿಮೆ ಆಯಿತು. ಏರಿನಲ್ಲಿಯೂ ಎಳೆಯಿತು. ಸಂಘದ ಸಾಲ ಬೇಕಾಗಲಿಲ್ಲ.

ಎಲ್ಲ ಗಾಡಿಗೂ ಇವೇ ಕಾರಣ ಎಂದು ನಾವು ಹೇಳುವುದಿಲ್ಲ. ಆದರೆ ಮೊದಲು ಸಣ್ಣ ಕಾರಣ ನೋಡಬೇಕು. ದೊಡ್ಡ ಖರ್ಚು ಆಮೇಲೆ.

ಕಾಯ್ದೆ ಏನು ಹೇಳುತ್ತದೆ?

ಕಂಪನಿ ಮಾಡಿದ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೀಗೆ ಹೇಳುತ್ತದೆ. 2019ರ ತಿದ್ದುಪಡಿ ಇದಕ್ಕೆ ಶಿಕ್ಷೆ ಗೊತ್ತುಮಾಡಿತು. ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಶಿಕ್ಷೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗೆ. ನಿಮ್ಮ ಹೆಸರಿನಲ್ಲಿ ಇದ್ದರೆ ನಿಮಗೇ! ವಾರಂಟಿಯೂ ಕೈತಪ್ಪಬಹುದು.

ಹುಡುಗರು ಚಂದಕ್ಕೆಂದು ಹಿಂದಿನ ಚಕ್ರದ ಸೀರೆ ಜಾಲರಿಯನ್ನೂ ಬಿಚ್ಚುತ್ತಾರೆ. ಬಿಚ್ಚಲು ಬಿಡಬೇಡಿರಿ. ಅದು ನಮ್ಮ ಸೆರಗಿನ ಕಾವಲು. ಸೆರಗು ಚಕ್ರಕ್ಕೆ ಸಿಕ್ಕರೆ ಪ್ರಾಣಕ್ಕೇ ಬರುತ್ತದೆ.

ದಾರಿಯಲ್ಲಿ ಗಾಡಿ ಕಾದರೆ

ಮೀಟರಿನಲ್ಲಿ ಕೆಂಪು ದೀಪ ಹತ್ತಿದರೆ, ಸುಟ್ಟ ವಾಸನೆ ಬಂದರೆ, ಟಕ್ ಟಕ್ ಸಪ್ಪಳ ಬಂದರೆ ಗಾಡಿ ನಿಲ್ಲಿಸಲು ಹೇಳಿರಿ. ಹಾಗೇ ಓಡಿಸಿದರೆ ಪಿಸ್ಟನ್ ಉಬ್ಬಿ ಹಿಡಿದುಕೊಳ್ಳುತ್ತದೆ. ಇದಕ್ಕೆ ಇಂಜಿನ್ ಸೀಜ್ ಎನ್ನುತ್ತಾರೆ. ಓಡುವ ಗಾಡಿಯ ಹಿಂದಿನ ಚಕ್ರ ಫಕ್ಕನೆ ನಿಲ್ಲಬಹುದು. ಗಾಡಿ ಜಾರಿ ಬೀಳಬಹುದು. ಹಾಗೇನಾದರೂ ಆದರೆ ಓಡಿಸುವವರು ತಕ್ಷಣ ಕ್ಲಚ್ ಒತ್ತಬೇಕು.

ನೆರಳಲ್ಲಿ ನಿಲ್ಲಿಸಿ ಇಂಜಿನ್ ಆರಲು ಬಿಡಿರಿ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿರಿ. ಕಾದ ಹಂಚಿಗೆ ನೀರು ಹೊಯ್ದರೆ ಹಂಚು ಸೀಳುತ್ತದೆ, ಅಲ್ಲವೇ? ರೇಡಿಯೇಟರ್ ಮುಚ್ಚಳ ಬಿಸಿ ಇರುವಾಗ ತೆಗೆಯಬೇಡಿರಿ. ಕುದಿ ನೀರು ಮುಖಕ್ಕೆ ಚಿಮ್ಮುತ್ತದೆ.

ಮಕ್ಕಳ ಕಾಲು ಸೈಲೆನ್ಸರ್‌ಗೆ ತಾಗಿ ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿರಿ. ಟೂತ್‌ಪೇಸ್ಟ್, ಸುಣ್ಣ ಹಚ್ಚಬೇಡಿರಿ. ಗಾಯ ದೊಡ್ಡದಿದ್ದರೆ ದವಾಖಾನೆಗೆ ಹೋಗಿರಿ.

ನೀವೂ ನೋಡಿರಿ

ಇಂದು ಸಂಜೆ ನಿಮ್ಮ ಮನೆಯ ಗಾಡಿಯ ಹತ್ತಿರ ಹೋಗಿರಿ. ಮೀಟರಿನ ಅಂಕಿ ಓದಿರಿ. ವಹಿಯಲ್ಲಿ ಬರೆಯಿರಿ. ಕೊನೆಯ ಸರ್ವಿಸಿನ ಅಂಕಿಯನ್ನು ಅದರಿಂದ ಕಳೆಯಿರಿ. ಗಾಡಿಯನ್ನು ಸಮ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಆಯಿಲ್ ನೋಡಲು ಹೇಳಿರಿ. ಕಡ್ಡಿಯ ಮೇಲೆ ಎರಡು ಗೀಟು ಇರುತ್ತವೆ. ಕೆಲವು ಗಾಡಿಗಳಲ್ಲಿ ಗಾಜಿನ ಕಿಂಡಿ ಇರುತ್ತದೆ. ಆಯಿಲ್ ಎರಡು ಗೀಟುಗಳ ನಡುವೆ ಇರಬೇಕು.

"ನಿಮಗೇನ್ ತಿಳೀತದ?" ಎಂದು ಯಾರಾದರೂ ಕೇಳಿದರೆ ವಹಿ ತೋರಿಸಿರಿ.

ಓದಿರಿ, ಉತ್ತರ ಹೇಳಿರಿ

1. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಎಷ್ಟು ಗಾಳಿ ಬೇಕು?
2. ಆಕ್ಸಿಜನ್ ಸೆನ್ಸರ್ ಏನು ಕೆಲಸ ಮಾಡುತ್ತದೆ?
3. ಗಾಡಿ ಕಾಯಲು ಮೂರು ಕಾರಣ ಹೇಳಿರಿ.
4. ನಿಮ್ಮ ಗಾಡಿಗೆ ಆಯಿಲ್ ಹಾಕಿಸಿ ಎಷ್ಟು ಕಿಲೋಮೀಟರ್ ಆಯಿತು? ಲೆಕ್ಕ ಮಾಡಿರಿ.