ಕೇಕ್ ಕುಸಿದದ್ದು ಉಬ್ಬು ಸಾಲದೆ ಅಲ್ಲ

ಅಮೆರಿಕದ ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಕರಾವಳಿಯಲ್ಲಿ ಚೆನ್ನಾಗಿ ಬರುತ್ತಿದ್ದ ಕೇಕ್ ಅಲ್ಲಿನ ಓವನ್‌ನಲ್ಲಿ ಭರ್ಜರಿಯಾಗಿ ಎದ್ದು, ಆಮೇಲೆ ನಡುವೆ ಕುಸಿದು ಹಳ್ಳ ಬೀಳುತ್ತದೆ. ಇಂದಿನ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1920ರ ದಶಕದಲ್ಲೇ ಇದರ ಬಗ್ಗೆ ಪ್ರಯೋಗಗಳು ನಡೆದಿದ್ದವು. ಆದರೂ ತಪ್ಪು ತಿಳಿವಳಿಕೆ ಹೋಗಿಲ್ಲ.

ತಪ್ಪು ಕಲ್ಪನೆ: ಕೇಕ್ ಕುಸಿದರೆ ಬೇಕಿಂಗ್ ಪೌಡರ್ ಸಾಲದಾಯಿತು ಎಂದರ್ಥ.

ಸತ್ಯ: ಹೆಚ್ಚಾಯಿತು ಎಂದರ್ಥ. ಡೆನ್ವರ್‌ನಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಆರನೇ ಒಂದು ಪಾಲು ಕಡಿಮೆ. ಅದುಮುವ ಗಾಳಿ ತೆಳುವಾದಾಗ ಹಿಟ್ಟಿನೊಳಗಿನ ಗುಳ್ಳೆಗಳು ಬೇಗ ಹಿಗ್ಗುತ್ತವೆ. ನೀರೂ 95 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಕೇಕಿನ ಒಳಗು ನಿಧಾನವಾಗಿ ಬೇಯುತ್ತದೆ. ಮೊಟ್ಟೆಯೂ ಹಿಟ್ಟೂ ಗಟ್ಟಿಯಾಗುವಷ್ಟರಲ್ಲಿ ಗುಳ್ಳೆಗಳು ಒಡೆದು ಹೋಗಿರುತ್ತವೆ. ಈಗ ಇನ್ನಷ್ಟು ಪೌಡರ್ ಹಾಕಿದರೆ ಹಳ್ಳ ಇನ್ನೂ ಆಳವಾಗುತ್ತದೆ, ಅಷ್ಟೇ. ಆ ಎತ್ತರದಲ್ಲಿ ಪ್ರತಿ ಟೀ ಚಮಚ ಪೌಡರಿಗೆ ಎಂಟನೇ ಒಂದರಿಂದ ಕಾಲು ಚಮಚ ಕಡಿಮೆ ಮಾಡಬೇಕು.

ಸಕ್ಕರೆಯದೂ ಇದರಲ್ಲಿ ಕೈವಾಡವಿದೆ. ನೀರು ಬೇಗ ಆವಿಯಾದಂತೆ ಸಕ್ಕರೆ ಸಾಂದ್ರವಾಗುತ್ತದೆ, ಸಕ್ಕರೆ ಹೆಚ್ಚಿದಷ್ಟೂ ಕೇಕ್ ಗಟ್ಟಿಯಾಗುವುದು ತಡ. ಕಪ್ಪಿಗೆ ಒಂದೆರಡು ದೊಡ್ಡ ಚಮಚ ಸಕ್ಕರೆ ತೆಗೆದು, ಹಾಲನ್ನೋ ನೀರನ್ನೋ ಎರಡರಿಂದ ನಾಲ್ಕು ದೊಡ್ಡ ಚಮಚ ಹೆಚ್ಚಿಸಿ.

ತಪ್ಪು ಕಲ್ಪನೆ: ಎತ್ತರದಲ್ಲಿ ಓವನ್ ಸರಿಯಾಗಿ ಕಾಯುವುದಿಲ್ಲ.

ಸತ್ಯ: 180 ಡಿಗ್ರಿಗೆ ಇಟ್ಟ ಓವನ್ ಎಲ್ಲಿದ್ದರೂ 180 ಡಿಗ್ರಿಯೇ. ಆದರೂ 8ರಿಂದ 14 ಡಿಗ್ರಿ ಏರಿಸಿ ಎನ್ನುವುದು, ಕುಸಿಯುವ ಮೊದಲೇ ಕೇಕ್ ಗಟ್ಟಿಯಾಗಲಿ ಎಂದು. ಬೇಗ ಬೇಯುತ್ತದೆ, ಮುಂಚೆಯೇ ಕಡ್ಡಿ ಚುಚ್ಚಿ ನೋಡಿ.

ತಪ್ಪು ಕಲ್ಪನೆ: ಕುಕ್ಕರ್ ಕೇಕಿಗೆ ಈ ತೊಂದರೆಯಿಲ್ಲ, ಒಳಗೆ ಒತ್ತಡ ಇರುತ್ತದಲ್ಲ!

ಸತ್ಯ: ಎಲ್ಲಿಯ ಒತ್ತಡ? ಕೇಕ್ ಮಾಡುವಾಗ ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದಿಡುತ್ತೇವೆ. ಆಗ ಕುಕ್ಕರ್ ಬರೀ ಮುಚ್ಚಳವಿರುವ ಪಾತ್ರೆ.

ತಪ್ಪು ಕಲ್ಪನೆ: ಇದೆಲ್ಲ ಬೆಟ್ಟದವರ ಚಿಂತೆ, ನಮಗಲ್ಲ.

ಸತ್ಯ: ಅಮೆರಿಕದ ಮಾರ್ಗಸೂಚಿಗಳು ಸಾಮಾನ್ಯವಾಗಿ 3,000 ಅಡಿಯಿಂದ, ಅಂದರೆ ಸುಮಾರು 900 ಮೀಟರಿನಿಂದ ಶುರುವಾಗುತ್ತವೆ. ಬೆಂಗಳೂರು ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಸಾಧಾರಣ ಕೇಕಿಗೆ ಇಲ್ಲಿ ಏನೂ ಬದಲಿಸಬೇಕಿಲ್ಲ. ಸಿಹಿ ಜಾಸ್ತಿಯಿರುವ ಮೆತ್ತನೆಯ ಸ್ಪಂಜ್ ಪದೇ ಪದೇ ಕುಸಿಯುತ್ತಿದ್ದರೆ ಮಾತ್ರ ಪೌಡರನ್ನು ಸ್ವಲ್ಪ ಇಳಿಸಿ ನೋಡಿ. ಊಟಿ ಡೆನ್ವರ್‌ಗಿಂತಲೂ ಎತ್ತರ, ಅಲ್ಲಿ ಬದಲಾವಣೆ ಬೇಕೇ ಬೇಕು. ಬಿಸ್ಕತ್ತಿಗೆ ಅಷ್ಟೇನೂ ಬೇಡ. ಯೀಸ್ಟ್ ಹಾಕಿದ ಬ್ರೆಡ್ ಹಿಟ್ಟು ಮಾತ್ರ ಬೇಗ ಉಬ್ಬುತ್ತದೆ. ಗಡಿಯಾರ ನೋಡದೆ, ಎರಡರಷ್ಟಾದ ತಕ್ಷಣ ಓವನ್‌ಗೆ ಇಡಿ.